ಬೋರ್ಡಿನ ಮೇಲಿನ ಹೆಸರು

ನನ್ನ ಎಡಗೆನ್ನೆಯ ಮೂಳೆಯ ಮೇಲೆ ಹುಣಸೆಬೀಜದಷ್ಟು ಉದ್ದದ ಒಂದು ಗಾಯದ ಗುರುತಿದೆ. ಕೀಬೋರ್ಡಿನ ಮೂಲೆ ಬಡಿದು ಆದದ್ದು. ಅದನ್ನು ಬೀಸಿ ಒಗೆದವರು ಹೋದ ತಿಂಗಳು ಇಂಡಿಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ಅಳು ಬರಲಿಲ್ಲ, ಸಿಟ್ಟು ಬಂತು. ಅದು ಅವರ ಮೇಲಿನ ಸಿಟ್ಟೋ ನನ್ನ ಮೇಲಿನದೋ ಎಂದು ವಿಂಗಡಿಸಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಬರಬಾರದ ಜಾಗದಲ್ಲಿ ಒಮ್ಮೆ ಅದು ಬಂದು ಆದದ್ದೇ ಸಾಕು. ಗ್ಯಾರೇಜಿನಲ್ಲಿ ಕಸುಬು ಕಲಿಸುವ ಗುರುವನ್ನು ಕರೆಯುವಂತೆ ನಾವು ಅವರನ್ನು ಉಸ್ತಾದ ಎನ್ನುತ್ತಿದ್ದೆವು. ಸಾಫ್ಟ್‌ವೇರ್ ಬರೆಯುವವರನ್ನು ಯಾರೂ ಹಾಗೆ ಕರೆಯುವುದಿಲ್ಲ. ಆದರೆ ಅವರು ಮೊದಲು ಇಂಡಿಯ ಒಂದು ಗ್ಯಾರೇಜಿನಲ್ಲಿ ಪಂಪಿನ ಮೋಟರುಗಳಿಗೆ ತಂತಿ ಸುತ್ತುವ ವೈಂಡಿಂಗ್ ಕೆಲಸ ಮಾಡುತ್ತಿದ್ದವರು. ಮೂವತ್ತು ದಾಟಿದ ಮೇಲೆ ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಪ್ರೋಗ್ರಾಮಿಂಗನ್ನು ತಾವೇ ಕಲಿತರು. ಕೋಪವನ್ನು ಮಾತ್ರ ಗ್ಯಾರೇಜಿನಿಂದ ಹಾಗೇ ಎತ್ತಿಕೊಂಡು ಬಂದಿದ್ದರು.

ನಮ್ಮ ಆಫೀಸು ಬಸವನ ಬಾಗೇವಾಡಿಯಲ್ಲಿ, ಪೈಪು-ಸ್ಪ್ರಿಂಕ್ಲರ್ ಮಾರುವ ಅಂಗಡಿಯ ಮೇಲಿನ ಎರಡು ಕೋಣೆ. ಇದ್ದವರು ಮೂರೇ ಜನ: ಉಸ್ತಾದರು, ಗೊಳಸಂಗಿಯಿಂದ ಸ್ಕೂಟಿಯ ಮೇಲೆ ಬರುವ ಸವಿತಾ, ಸಿಂದಗಿಯಿಂದ ದೇವರ ಹಿಪ್ಪರಗಿ ಮೇಲೆ ಹಾಯ್ದು ಬಸ್ಸಿನಲ್ಲಿ ಬರುವ ನಾನು. ಕಾಲುವೆ ನೀರು ಹಂಚುವ ರೈತರ ಸಂಘಗಳಿಗೆ ನಾವು ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆವು. ಯಾವ ಹೊಲಕ್ಕೆ ಯಾವ ದಿನ ನೀರಿನ ಪಾಳಿ ಎಂದು ಅದು ಲೆಕ್ಕ ಹಾಕಬೇಕು, ಪಾಳಿ ಬದಲಾದರೆ ರೈತರ ಮೊಬೈಲಿಗೆ ಮೆಸೇಜು ಕಳಿಸಬೇಕು. ಕೆಲಸ ಇಷ್ಟೇ.

ಸೇರಿದ ಎರಡನೇ ವಾರವೇ ಕೀಬೋರ್ಡು ತಿಂದೆ. ಪಾಳಿಯ ಲೆಕ್ಕ ಹಾಕುವ ಭಾಗದ ಒಳಗೇ ಮೆಸೇಜು ಕಳಿಸುವ ಕೋಡನ್ನೂ ಬರೆದಿದ್ದೆ. ಕೆಲಸ ಮಾಡುತ್ತಿತ್ತಲ್ಲ, ಹೆಮ್ಮೆಯಿಂದ ತೋರಿಸಿದೆ. ಉಸ್ತಾದರು ಕಿಸೆಯಿಂದ ಒಂದು ಲಿಂಬೆಹಣ್ಣು ತೆಗೆದು ಸಿಪ್ಪೆ ಸಮೇತ ಕಚ್ಚಿದರು. ಉಳಿದವರು ತಂಬಾಕು ಹಾಕುವಂತೆ ಅವರು ಲಿಂಬೆಹಣ್ಣು ಕಚ್ಚುತ್ತಿದ್ದರು. ಅದು ಸಿಟ್ಟಿನ ಮುನ್ಸೂಚನೆ ಎಂದು ನನಗಿನ್ನೂ ಗೊತ್ತಿರಲಿಲ್ಲ.

"ಪಂಪಿನ ಹೊಟ್ಟ್ಯಾಗ ಕರೆಂಟಿನ ಕಂಬ ನೆಟ್ಟೀಯಲ್ಲೋ, ದಾವಲ್ಯಾ" ಎಂದರು. ಮರುಕ್ಷಣವೇ ಕೀಬೋರ್ಡು ಬಂದು ಬಡಿಯಿತು.

ರಕ್ತ ಅಂಗಿಯ ಮೇಲೆ ಇಳಿಯಿತು. ಸವಿತಾ ಎದ್ದು ನಿಂತಳು. ಅವಳು ಗಟ್ಟಿಯಾಗಿ ಮಾತಾಡುವವಳಲ್ಲ.

"ಇನ್ನೊಮ್ಮಿ ಯಾರ ಮ್ಯಾಲರ ಹಿಂಗ ಒಗದ್ರಿ ಅಂದ್ರ ಸೀದಾ ಠಾಣೇಕ ಹೊಕ್ಕೇನ್ರಿ ಉಸ್ತಾದ್. ಖರೇನ ಹೇಳಾಕತ್ತೇನಿ."

ಉಸ್ತಾದರು ಕೆಳಗಿಳಿದು ಔಷಧಿ ಅಂಗಡಿಗೆ ಹೋಗಿ ಹತ್ತಿ, ಅಯೋಡಿನ್ ತಂದರು. ಗಾಯಕ್ಕೆ ಹಚ್ಚುತ್ತ ಹಚ್ಚುತ್ತಲೇ ಪಾಠ ಹೇಳಿದರು. ನಮ್ಮ ಕಸುಬಿನಲ್ಲಿ ಅದಕ್ಕೆ ಇಂಗ್ಲಿಷಿನ ಉದ್ದನೆಯ ಹೆಸರಿದೆ, ಪುಸ್ತಕಗಳಿವೆ. ಅವರು ಹೇಳಿದ್ದು ಇಷ್ಟು: "ಪಂಪಿಗೆ ಕರೆಂಟ್ ಬೇಕು. ಅದು ಲೈನಿಂದ ಬರ್ತೈತೋ ಜನರೇಟರಿಂದ ಬರ್ತೈತೋ ಪಂಪಿಗೆ ಗೊತ್ತಿರಬಾರದು. ಗ್ವಾಡಿ ಮ್ಯಾಲಿನ ಬೋರ್ಡಿಗೆ ಗೊತ್ತಿರಬೇಕು. ಬೋರ್ಡಿನ್ಯಾಗ ಹ್ಯಾಂಡಲ್ ತಿರುವಿದ್ರ ಮುಗೀತು, ಪಂಪ್ ಬಿಚ್ಚೂ ಕೆಲಸ ಇಲ್ಲ."

ನಮ್ಮ ಪ್ರೋಗ್ರಾಮಿನಲ್ಲೂ ಹಾಗೆ ಒಂದೇ ಒಂದು ಫೈಲು ಇತ್ತು. ಅದನ್ನು ಬೋರ್ಡು ಎಂದೇ ಕರೆಯುತ್ತಿದ್ದೆವು. ಪ್ರೋಗ್ರಾಮಿನ ಯಾವ ಭಾಗವೂ ತನಗೆ ಬೇಕಾದ್ದನ್ನು ತಾನೇ ತಂದುಕೊಳ್ಳುವಂತಿಲ್ಲ. 'ಮೆಸೇಜು ಕಳಿಸುವವನೊಬ್ಬ ಬೇಕು' ಎಂದು ಕೇಳಿ ಸುಮ್ಮನಿರಬೇಕು. ಅದಕ್ಕೆ ಯಾರನ್ನು ಕೊಡಬೇಕು ಎಂಬುದು ಬೋರ್ಡಿನ ಒಂದು ಸಾಲು. ಆ ಸಾಲಿನಲ್ಲಿ ನಿಜವಾದ ಕಳಿಸುವವನನ್ನು ಕಟ್ಟಿದರೆ ರೈತರಿಗೆ ಮೆಸೇಜು ಹೋಗುತ್ತದೆ. ಪರೀಕ್ಷೆಯ ದಿನ ಅಲ್ಲಿ ಡಮ್ಮಿಯನ್ನು ಕಟ್ಟುತ್ತೇವೆ. ಡಮ್ಮಿ ಯಾರಿಗೂ ಏನನ್ನೂ ಕಳಿಸುವುದಿಲ್ಲ, 'ಕಳಿಸಿದೆ' ಎಂದು ಪರದೆಯ ಮೇಲೆ ಹೇಳುತ್ತದೆ.

ಬೋರ್ಡಿನ ವಿಷಯದಲ್ಲಿ ಉಸ್ತಾದರದು ಒಂದು ಕಟ್ಟಳೆ. ಪ್ರತಿ ಸಾಲಿನ ಕೊನೆಗೆ ಅದನ್ನು ಕಟ್ಟಿದವರ ಹೆಸರಿರಬೇಕು. ಇದೂ ಗ್ಯಾರೇಜಿನಿಂದಲೇ ಬಂದದ್ದು. ಅಲ್ಲಿ ವೈಂಡಿಂಗ್ ಮುಗಿದ ಮೋಟರಿನ ಒಳಗೆ ಸುತ್ತಿದವನ ಹೆಸರಿನ ಚೀಟಿ ಇಟ್ಟು ಮುಚ್ಚುತ್ತಿದ್ದರಂತೆ. ಮೋಟರು ಸುಟ್ಟು ವಾಪಸು ಬಂದರೆ ಬಿಚ್ಚುವುದು, ಚೀಟಿ ಓದುವುದು, ಅವನನ್ನು ಬಡಿಯುವುದು. ಉಸ್ತಾದರನ್ನು ಅವರ ಉಸ್ತಾದ ತಾಮ್ರದ ತಂತಿಯಿಂದ ಬಡಿದಿದ್ದ. ಒಮ್ಮೆ ಅಂಗಿ ಎತ್ತಿ ಬೆನ್ನು ತೋರಿಸಿದರು. ಸರ್ಟಿಫಿಕೇಟು ತೋರಿಸುವವರ ಗತ್ತಿನಲ್ಲಿ ತೋರಿಸಿದರು.

"ಇದರಿಂದನ ಕಲ್ತೇನಿ" ಎಂದರು.

ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಕೀಬೋರ್ಡು ತಿಂದು ನಾನು ಕಲಿತದ್ದು ಅವರ ಕೈಯಲ್ಲಿ ಲಿಂಬೆಹಣ್ಣು ಕಂಡಾಗ ತಲೆ ತಗ್ಗಿಸುವುದನ್ನು ಮಾತ್ರ. ಬೋರ್ಡನ್ನು ಕಲಿತದ್ದು ಅಯೋಡಿನ್ ಹಚ್ಚುವಾಗ.

ಆಮೇಲೆ ಒಂದೇ ಒಂದು ಸಲ ಬಿಟ್ಟರೆ ಅವರು ಮನುಷ್ಯರ ಮೇಲೆ ಕೈ ಎತ್ತಲಿಲ್ಲ. ಸಾಮಾನುಗಳಿಗೆ ಆ ರಿಯಾಯತಿ ಇರಲಿಲ್ಲ. ಎರಡೇ ಬೆರಳಿನಿಂದ ಟೈಪು ಮಾಡುತ್ತಿದ್ದರು, ಗುದ್ದಿ ಗುದ್ದಿ. ಆರು ತಿಂಗಳಿಗೊಂದು ಕೀಬೋರ್ಡಿನ ಗುಂಡಿಗಳು ಹಾರಿಹೋಗುತ್ತಿದ್ದವು. ಒಂದು ಸಲ ಒಬ್ಬ ಗುತ್ತಿಗೆದಾರ ಬಂದ. ದೊಡ್ಡ ಸಾಹೇಬರು ನೋಡಲು ಬರುವವರಿದ್ದರು, ಅವನು ಕಾಲುವೆಗೆ ಕೂರಿಸಿದ ಗೇಟುಗಳಲ್ಲಿ ಅರ್ಧದಷ್ಟು ಇನ್ನೂ ನಡೆಯುತ್ತಿರಲಿಲ್ಲ, ನಮ್ಮ ಪರದೆಯ ಮೇಲೆ ಕೆಂಪಗೆ ಕಾಣುತ್ತಿದ್ದವು.

"ಒಂದ ದಿನದ ಮಟ್ಟಿಗೆ ನಿಮ್ಮ ಡಮ್ಮಿ ಕಟ್ಟಿಬಿಡ್ರಿ. ಸ್ಕ್ರೀನಿನ ಮ್ಯಾಲ ಎಲ್ಲಾ ಹಸರ ಕಂಡ್ರ ಸಾಕು" ಎಂದ ಅವನು, ನಗುನಗುತ್ತ.

ಉಸ್ತಾದರೂ ನಕ್ಕರು. ನಗುತ್ತಲೇ ಆ ಪರದೆಯ ವೈರು ಕಿತ್ತರು. ಪರದೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲ ತುದಿಗೆ ಹೋಗಿ ಕೆಳಗೆ ಒಗೆದರು. ಅದು ಒಂದೊಂದೇ ಮೆಟ್ಟಿಲು ಬಡಿಯುತ್ತ ಪೈಪಿನ ಅಂಗಡಿಯ ಮುಂದೆ ಹೋಗಿ ಬಿತ್ತು.

"ಈಗ ಹೋಗಿ ಸಾಹೇಬರಿಗೆ ತೋರಸ್ರಿ. ಮುರದದ್ದು ಮುರದದ್ದ ಕಾಣಬೇಕು."

ಗುತ್ತಿಗೆದಾರ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿದ. ಮುಂದಿನ ಒಂದು ತಿಂಗಳು ಉಸ್ತಾದರು ಮೂಲೆಯಲ್ಲಿ ಬಿದ್ದಿದ್ದ ಹಳೆಯ, ಅರ್ಧ ಸೀಳಿದ ಪರದೆಯ ಮುಂದೆ ಕೂತು ಕೆಲಸ ಮಾಡಿದರು. ಸುಳ್ಳು ಹೇಳುವ ಯಂತ್ರವನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಮುದ್ದೇಬಿಹಾಳದ ಕಡೆಗೆ ಹೋಗುವ ಒಂದು ಕವಲು ಕಾಲುವೆಯ ಮೇಲೆ ಎರಡು ಊರುಗಳಿವೆ. ಹೆಸರು ಬೇಡ, ಮೇಲಿನ ಊರು, ಕೆಳಗಿನ ಊರು ಎನ್ನುತ್ತೇನೆ. ಎರಡಕ್ಕೂ ಒಂದೇ ಸಂಘ, ಒಂದೇ ಗೇಟು. ಸಂಘದ ಆಫೀಸು ಮೇಲಿನ ಊರಿನಲ್ಲಿತ್ತು. ಒಂದು ಶನಿವಾರ ಅಲ್ಲಿಯ ಗುಮಾಸ್ತರಿಗೆ ತರಬೇತಿ ಕೊಡುವುದಿತ್ತು. ಕಲಿಯುವಾಗ ಅವರು ಒತ್ತಬಾರದ್ದನ್ನು ಒತ್ತಿದರೆ ರೈತರಿಗೆ ಸುಳ್ಳು ಮೆಸೇಜು ಹೋದೀತೆಂದು ಬೋರ್ಡಿನಲ್ಲಿ ಡಮ್ಮಿಯನ್ನು ಕಟ್ಟಿದೆ. ಸಾಲಿನ ಕೊನೆಗೆ ಕಟ್ಟಳೆಯ ಪ್ರಕಾರ 'ದಾವಲ' ಎಂದು ಬರೆದೆ. ತರಬೇತಿ ಚೆನ್ನಾಗಿ ನಡೆಯಿತು. ನಮ್ಮಲ್ಲಿ ಪ್ರತಿ ಸಾಲಿಗೂ ಮಾಡಿದವರ ಹೆಸರಿರುತ್ತದೆ, ಯಾರೂ ತಪ್ಪಿಸಿಕೊಳ್ಳುವಂತಿಲ್ಲ ಎಂದು ಗುಮಾಸ್ತರ ಮುಂದೆ ಜಂಬ ಕೊಚ್ಚಿಕೊಂಡೆ. ಅಷ್ಟರಲ್ಲಿ ಸಿಂದಗಿಗೆ ಹೋಗುವ ಸಂಜೆಯ ಬಸ್ಸಿನ ಹೊತ್ತಾಯಿತು. ಓಡಿದೆ. ಡಮ್ಮಿಯನ್ನು ಬಿಚ್ಚಲಿಲ್ಲ.

ಸೋಮವಾರ ಕಾಲುವೆಯ ಏರಿ ಒಂದು ಕಡೆ ಒಡೆಯಿತು. ದುರಸ್ತಿಗಾಗಿ ಪಾಳಿ ಬದಲಾಯಿತು. ಮಂಗಳವಾರ ಕೆಳಗಿನ ಊರಿಗೆ ಸಿಗಬೇಕಿದ್ದ ನೀರು ಮೇಲಿನ ಊರಿಗೆ, ಕೆಳಗಿನವರಿಗೆ ಗುರುವಾರ. ಗುಮಾಸ್ತರು ಹೊಸ ಪಾಳಿ ಹಾಕಿ ಗುಂಡಿ ಒತ್ತಿದರು. ಎಲ್ಲ ರೈತರ ಹೆಸರಿನ ಮುಂದೆ 'ಕಳಿಸಿದೆ' ಎಂದು ಬಂತು. ಮೇಲಿನ ಊರಿನವರು ಸಂಘದ ಆಫೀಸಿಗೇ ಬಂದು ಹೊಸ ಪಾಳಿ ತಿಳಿದುಕೊಂಡರು. ಕೆಳಗಿನ ಊರಿನ ಒಬ್ಬನಿಗೂ ಮೆಸೇಜು ಮುಟ್ಟಲಿಲ್ಲ.

ಮಂಗಳವಾರ ಬೆಳಿಗ್ಗೆ ಎರಡೂ ಊರಿನವರು ಗೇಟಿನ ಹತ್ತಿರ ಸೇರಿದರು. ಎರಡೂ ಕಡೆಯವರಿಗೆ ಅದು ತಮ್ಮ ದಿನ. ಜೋಳ ಹೊಡೆ ಹಾಯ್ದು ತೆನೆ ಬಿಚ್ಚುವ ಹೊತ್ತು, ಆ ಒಂದು ನೀರು ತಪ್ಪಿದರೆ ಕಾಳು ಕಟ್ಟುವುದಿಲ್ಲ. ಕೆಳಗಿನ ಊರಿನ ನಾಗಪ್ಪ ಎಂಬ ರೈತ ಗೇಟು ಎತ್ತುವ ಚಕ್ರ ಹಿಡಿದುಕೊಂಡು ನಿಂತ. ಬಿಡು ಎಂದರು, ಬಿಡಲಿಲ್ಲ. ಬಡಿಗೆಯಿಂದ ಬೆನ್ನಿಗೆ ಹೊಡೆದರು, ಬಿಡಲಿಲ್ಲ. ಯಾರೋ ಕೊಡಲಿ ಬೀಸಿದರು. ಚಕ್ರಕ್ಕೆ ಬೀಸಿದ್ದು ಎಂದು ಆಮೇಲೆ ಹೇಳಿದರು. ನಾಗಪ್ಪನ ಬಲಗೈ ಮಣಿಕಟ್ಟಿನಲ್ಲಿ ಹೋಯಿತು. ಬೆರಳುಗಳು ಚಕ್ರವನ್ನು ಹಿಡಿದೇ ಇದ್ದವು ಎಂದು ನೋಡಿದವರು ಹೇಳುತ್ತಾರೆ. ಅದಾದ ಮೇಲೆ ಎರಡೂ ಕಡೆ ಕಲ್ಲು, ಬಡಿಗೆ, ಕುಡುಗೋಲು. ಮೇಲಿನ ಊರಿನ ಇಬ್ಬರ ತಲೆ ಒಡೆದವು. ಕಾಲುವೆಯ ನೀರು ಮಾತ್ರ ಯಾರ ಹೊಲಕ್ಕೂ ಹೋಗದೆ ಮುಂದೆ ಹರಿಯಿತು.

ಮಧ್ಯಾಹ್ನ ಗುಮಾಸ್ತರ ಫೋನು ಬಂತು: ಮೆಸೇಜು ಯಾರಿಗೂ ಮುಟ್ಟಿಲ್ಲ, ನಾಳೆ ಕೆಳಗಿನ ಊರಿನವರು ನಿಮ್ಮಲ್ಲಿಗೇ ಬರುವವರಿದ್ದಾರೆ. ಉಸ್ತಾದರು ಬೋರ್ಡು ತೆರೆದರು. ಮೂವರೂ ಆ ಸಾಲು ಓದಿದೆವು. ಡಮ್ಮಿ, ಮುಂದೆ ನನ್ನ ಹೆಸರು. ಉಸ್ತಾದರು ಲಿಂಬೆಹಣ್ಣು ಕಚ್ಚಿದರು. ನಾನು ಕಣ್ಣು ಮುಚ್ಚಿ ನಿಂತೆ. ಏನೂ ಬಂದು ಬಡಿಯಲಿಲ್ಲ. ಕಣ್ಣು ತೆರೆದಾಗ ಎರಡು ಬೆರಳು ಗುಂಡಿಗಳನ್ನು ಗುದ್ದುತ್ತಿದ್ದವು. ಹಳೆಯ ಸಾಲನ್ನು ದಾಖಲೆಗಾಗಿ ಹಾಗೇ ಇಟ್ಟು, ಕೆಳಗೆ ನಿಜವಾದ ಕಳಿಸುವವನನ್ನು ಕಟ್ಟಿದರು. ಆಮೇಲೆ ಹಳೆಯ ಸಾಲಿಗೆ ಹೋಗಿ ನನ್ನ ಹೆಸರು ಅಳಿಸಿ ತಮ್ಮದನ್ನು ಬರೆದರು.

"ಉಸ್ತಾದ್, ಅದು ನಾ ಕಟ್ಟಿದ್ದರಿ."

"ಬಾಯಿ ಮುಚ್ಚು. ನಾಳಿಗೂ ಮುಚ್ಚು."

ಮರುದಿನ ಎರಡು ಕ್ರೂಸರ್ ಜೀಪು ತುಂಬ ಕೆಳಗಿನ ಊರಿನವರು ಬಂದರು. ಮೆಟ್ಟಿಲ ಮೇಲೆ ಅವರ ಕಾಲಿನ ಸಪ್ಪಳ ಇನ್ನೂ ನನ್ನ ಕಿವಿಯಲ್ಲಿದೆ. ಕೈಯಲ್ಲಿ ಗುದ್ದಲಿಯ ಕಾವು, ಬಡಿಗೆ. ಮುಂದೆ ನಿಂತವನು ನಾಗಪ್ಪನ ತಮ್ಮ.

"ಸಾಲಿಗೊಂದು ಹೆಸರ ಇರ್ತೈತಂತಲ್ಲ ನಿಮ್ಮಲ್ಲಿ. ಗುಮಾಸ್ತ ಹೇಳ್ಯಾನ. ತೋರಸ್ರಿ."

ಉಸ್ತಾದರು ಪರದೆಯನ್ನು ಅವರ ಕಡೆಗೆ ತಿರುಗಿಸಿದರು. ಅವನು ಅಕ್ಷರ ಕೂಡಿಸಿ ಕೂಡಿಸಿ ಓದಿದ.

"ಯಾರಿವ?"

"ನಾನ" ಎಂದರು ಉಸ್ತಾದರು.

ಮೊದಲ ಏಟು ಕಿವಿಯ ಮೇಲೆ ಬಿತ್ತು. ಎರಡನೆಯದು ದವಡೆಗೆ. ಹಸಿ ಕಟ್ಟಿಗೆ ಮುರಿದಂಥ ಸದ್ದು ಬಂತು. ನೆಲಕ್ಕೆ ಬಿದ್ದವರನ್ನು ಎತ್ತಿ ನಿಲ್ಲಿಸಿ ಮತ್ತೆ ಹೊಡೆದರು. ಇಡೀ ಪರದೆಯನ್ನು ಎತ್ತಿ ಒಗೆದ ಆ ಎರಡು ಕೈಗಳು ಪಕ್ಕದಲ್ಲಿ ಇಳಿಬಿದ್ದಿದ್ದವು, ಮುಖಕ್ಕೆ ಅಡ್ಡ ಕೂಡ ಬರಲಿಲ್ಲ. ಸವಿತಾ ಕೂಗುತ್ತ ನಡುವೆ ನುಗ್ಗಿದಳು. ಅವಳನ್ನು ಬದಿಗೆ ನೂಕಿದರು. ಕಂಪ್ಯೂಟರುಗಳ ಮೇಲೆ ಕಾವು ಆಡಿಸಿದರು. ನಾನು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ. 'ನಾನು' ಎನ್ನಲು ಎರಡಕ್ಷರ ಸಾಕಿತ್ತು. ಹೇಳಲಿಲ್ಲ. ಇದನ್ನು ಬೇರೆ ಯಾವ ಬಣ್ಣ ಹಚ್ಚಿಯೂ ಹೇಳಲಾರೆ, ನಾನು ಹೇಡಿಯಾದೆ.

ವಿಜಯಪುರದ ಆಸ್ಪತ್ರೆಯಲ್ಲಿ ದವಡೆಗೆ ತಂತಿ ಬಿಗಿದರು. ಎಡಗಿವಿ ಕಾಯಂ ಹೋಯಿತು, ಎರಡು ಪಕ್ಕೆಲುಬು ಮುರಿದಿದ್ದವು. ಪೊಲೀಸರು ಕೇಳಲು ಬಂದರೆ ಬೇಡವೆಂದು ಕೈ ಆಡಿಸಿದರು. ಬಾಯಿ ತೆರೆಯುವಂತಿರಲಿಲ್ಲವಲ್ಲ, ನನಗೆ ಹೇಳಬೇಕಾದ್ದನ್ನು ಚೀಟಿಗಳ ಮೇಲೆ ಬರೆದರು. ಮೊದಲನೆಯ ಚೀಟಿ ಕೆಲಸದ್ದು: "ಡಮ್ಮಿ ಖರೇ ಕೆಲಸದಾಗ ಬಂತಂದ್ರ ಪ್ರೋಗ್ರಾಮ್ ಅಲ್ಲೇ ಬಿದ್ದು ಸಾಯಬೇಕು. ಹಂಗ ಬರಿ. ಸಾಯ್ಲಿ, ಸುಳ್ಳ ಹೇಳಬಾರದು."

ನನ್ನ ಹೆಸರನ್ನು ಯಾಕೆ ಅಳಿಸಿದಿರಿ ಎಂದು ಕೇಳಿದೆ. ಎರಡನೆಯದನ್ನು ಬರೆದರು: "ನಿನ್ನ ಹೆಸರ ಕಂಡಿದ್ರ ಜಗಳ ಬರೇ ನೀರಿನ ಜಗಳ ಆಗಿ ಉಳೀತಿರಲಿಲ್ಲ."

ನಾನು ಮುಸಲ್ಮಾನ, ಆ ಊರಿನವರೂ ಉಸ್ತಾದರೂ ಅಲ್ಲ. ತಲೆಮಾರುಗಳಿಂದ ನಾನೂ ಈ ನೆಲದವನು. ನಮ್ಮಜ್ಜ ಸಿಂದಗಿಯ ಪೇಟೆಯಲ್ಲಿ ಇದೇ ಊರುಗಳ ತೊಗರಿ ತೂಗಿದವನು. ಆದರೂ ಆ ದಿನ ಅಷ್ಟು ಬಡಿಗೆಗಳ ನಡುವೆ 'ದಾವಲ' ಎಂಬ ಹೆಸರು ಪರದೆಯ ಮೇಲೆ ಕಂಡಿದ್ದರೆ ಏನಾಗುತ್ತಿತ್ತೋ. ಬಹುಶಃ ಏನೂ ಆಗುತ್ತಿರಲಿಲ್ಲ. ಉಸ್ತಾದರು ಆ 'ಬಹುಶಃ'ವನ್ನು ನಂಬಿ ಕೂರಲಿಲ್ಲ.

ಆಮೇಲೆ ಹತ್ತಿರ ಬಾ ಎಂದು ಸನ್ನೆ ಮಾಡಿದರು. ಬಾಗಿದೆ. ಸಲಾಯಿನ್ ಸೂಜಿ ಚುಚ್ಚಿದ್ದ ಕೈಯಿಂದಲೇ ಕಪಾಳಕ್ಕೆ ಒಂದು ಬಿಗಿದರು. ನರ್ಸು ಓಡಿ ಬಂದಳು. ಮೂರನೆಯ ಚೀಟಿ: "ಇದು ಬಸ್ಸಿಗೆ ಓಡಿದ್ದಕ್ಕ. ಹೊಡಿಯೂದು ನನ್ನ ಕೆಲಸ. ಅವರಿಗೆ ಯಾಕ ಬಿಟ್ಟುಕೊಡ್ಲಿ."

ಆ ಮೂರೂ ಚೀಟಿ ನನ್ನ ಹತ್ತಿರ ಇವೆ. ಮೂರನೆಯದನ್ನು ಓದಿದಾಗ ನಗು ಬರುತ್ತದೆ, ಮೈಯೂ ಉರಿಯುತ್ತದೆ. ಯಾರಿಗೂ ನನ್ನನ್ನು ಹೊಡೆಯುವ ಹಕ್ಕಿಲ್ಲ, ಉಸ್ತಾದರಿಗೂ ಇರಲಿಲ್ಲ. ನನಗಾಗಿ ಕಿವಿ ಕೊಟ್ಟ ಮನುಷ್ಯನ ಬಗ್ಗೆ ಹೀಗೆ ಬರೆಯಬೇಕಾಗಿ ಬಂದದ್ದೂ ನನಗೆ ಹಿತವಾಗಿಲ್ಲ.

ಆಮೇಲೆ ಐದು ವರ್ಷ ಬದುಕಿದರು. ಮಾತು ಕೇಳಲು ತಲೆಯನ್ನು ಬಲಕ್ಕೆ ವಾಲಿಸುತ್ತಿದ್ದರು. ದವಡೆ ಸೊಟ್ಟಗೆ ಕೂಡಿತ್ತು, ಲಿಂಬೆಹಣ್ಣು ಕಚ್ಚಲಾಗುತ್ತಿರಲಿಲ್ಲ, ಕೈಯಲ್ಲಿ ಹಿಸುಕುತ್ತಿದ್ದರು. ಆ ಸಾಲಿನ ವಿಷಯ ಒಮ್ಮೆಯೂ ಎತ್ತಲಿಲ್ಲ. ನಾನು ಕೆಳಗಿನ ಊರಿಗೆ ಹೋಗಿ ಹೇಳಿ ಬರುತ್ತೇನೆ ಎಂದು ಎರಡು ಸಲ ಅಂದಿದ್ದೆ. "ನಾ ಸತ್ತ ಮ್ಯಾಲ ಹೋಗು" ಎಂದಿದ್ದರು. ಹೋದ ತಿಂಗಳು ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಮಣ್ಣು ಕೊಟ್ಟು ಬಂದ ಮೂರನೆಯ ದಿನ ಕೆಳಗಿನ ಊರಿಗೆ ಹೋದೆ. ನಾಗಪ್ಪ ಹೊಲದ ಬದುವಿನ ಮೇಲೆ ಕೂತು ಕುಡುಗೋಲಿಗೆ ಸಾಣೆ ಹಿಡಿಯುತ್ತಿದ್ದರು. ಕುಡುಗೋಲಿನ ಹಿಡಿಯನ್ನು ಪಾದಗಳ ನಡುವೆ ಒತ್ತಿಕೊಂಡು ಎಡಗೈಯಲ್ಲಿ ಕಲ್ಲು ಉಜ್ಜುತ್ತಿದ್ದರು. ಬಲಗೈಯ ಮೊಂಡು ತೊಡೆಯ ಮೇಲಿತ್ತು. ನಾನು ಯಾರೆಂದು ಹೇಳಿದೆ. ಉಸ್ತಾದರು ತೀರಿಕೊಂಡದ್ದು ಹೇಳಿದೆ. ಆಮೇಲೆ ಉಳಿದದ್ದು ಹೇಳಿದೆ.

"ಕಾಕಾ, ಅದು ಅವರು ಕಟ್ಟಿದ್ದಲ್ಲರಿ. ನಾ ಕಟ್ಟಿದ್ದು. ನಾನ ಬಿಚ್ಚೂದು ಮರ್ತೆ. ನಿಮ್ಮ ಕೈ ನನ್ನಿಂದ ಹೋಗೇತಿ."

ಕಲ್ಲು ನಿಂತಿತು.

"ಅವತ್ತ ಯಾಕ ಹೇಳಲಿಲ್ಲ?"

"ಅಂಜಿದ್ದೆರಿ."

ಕಾಲುವೆಯ ಕಡೆ ನೋಡುತ್ತ ಅವರು ಮಾತಾಡಿದರು. ದನಿ ಏರಿಸಲಿಲ್ಲ.

"ಆಸ್ಪತ್ರ್ಯಾಗ ನಮ್ಮ ತಮ್ಮ ಬಂದು ಹೇಳಿದ, ಅಣ್ಣಾ, ಮಾಡಿದಾಂವನ ದವಡಿ ಮುರದು ಬಂದೀವಿ ಅಂತ. ಕೈ ಹ್ವಾದ ಮ್ಯಾಲ ಅದೊಂದ ಮಾತ ನನಗ ಸಮಾಧಾನ ಕೊಟ್ಟಿದ್ದು, ತಮ್ಮಾ. ಐದು ವರ್ಷ ಅದನ್ನ ತಲಿಬುಡಕ ಇಟಗೊಂಡು ಮಲಗೇನಿ. ಈಗ ಬಂದು ಏನೂ ಮಾಡದಾಂವನ ಮುರದೀರಿ ಅಂತ ಹೇಳಾಕತ್ತಿ."

ಹೇಳಿ ಹಗುರಾಗಲು ಹೋದವನು ನಾನು. ಅವರ ಸಮಾಧಾನವನ್ನು ಕಿತ್ತುಕೊಂಡೆ ಎಂಬುದು ಅಲ್ಲಿ ನಿಂತಾಗಲೇ ತಿಳಿದದ್ದು.

ಅವರು ಕಲ್ಲು ಕೆಳಗಿಟ್ಟು ಎದ್ದರು. ಎದುರಿಗೆ ಬಂದು ನಿಂತು ಎಡಗೈ ಬೀಸಿದರು. ಏಟು ಕಪಾಳಕ್ಕೆ ಕೂರದೆ ಕಿವಿ, ಕುತ್ತಿಗೆಗೆ ಜಾರಿ ಬಿತ್ತು. ಮತ್ತೊಮ್ಮೆ ಎತ್ತಿದರು, ಎತ್ತಿದ ಕೈಯನ್ನೇ ನೋಡಿದರು, ಇಳಿಸಿದರು.

"ಉಣ್ಣಾಕ ಕಲಿಸೇನಿ, ಕೊಯ್ಯಾಕ ಕಲಿಸೇನಿ. ಹೊಡಿಯಾಕ ಇನ್ನೂ ಬರವಲ್ದು ಇದಕ್ಕ" ಎಂದರು. ಕಣ್ಣಲ್ಲಿ ನೀರು ತುಂಬಿತ್ತು. "ಹೋಗು. ಆ ಮನಶ್ಯಾನ ಹೆಸರ ತಗದು ನಿಂದ ಬರಿ."

ಮಧ್ಯಾಹ್ನದ ಬಸ್ಸಿಗೆ ಬಾಗೇವಾಡಿಗೆ ಬಂದೆ. ಸವಿತಾ ನನ್ನ ಕುತ್ತಿಗೆಯ ಕೆಂಪು ನೋಡಿದಳು, ಕುರ್ಚಿ ಬಿಟ್ಟುಕೊಟ್ಟಳು. ಬೋರ್ಡು ತೆರೆದೆ. ಐದು ವರ್ಷದ ಹಿಂದಿನ ಆ ಸಾಲು ಹಾಗೇ ಇತ್ತು. ಸುಳ್ಳು ತೋರಿಸು ಎಂದದ್ದಕ್ಕೆ ಪರದೆಯನ್ನೇ ಒಡೆದ ಮನುಷ್ಯ, ನಾನು ಕಂಡಂತೆ ಬದುಕಿನಲ್ಲಿ ಹೇಳಿದ ಒಂದೇ ಒಂದು ಸುಳ್ಳು ಅದು. ಎರಡು ಬೆರಳಿನಿಂದ ಅವರ ಹೆಸರು ಅಳಿಸಿದೆ. ನನ್ನ ಹೆಸರು ಬರೆದೆ.